ಹೂ ಕಟ್ಟುವ ದಾರ, ಎರಡು ಮೈಕ್

ಡ್ರಮ್ಸ್ ಮಾರೋದು ಅಂತ ತೀರ್ಮಾನ ಆಗಿತ್ತು. ಕೆಳಗಿರೋ ಓನರ್ ಆಂಟಿ ಪಾಪ, ಎಷ್ಟು ದಿನ ಸಹಿಸ್ಕೋತಾರೆ? ಕೊಡೋ ಮುಂಚೆ ಒಂದು ರೆಕಾರ್ಡಿಂಗ್ ಇರಲಿ ಅಂತ ಭಾನುವಾರ ಒಂದು ಗಂಟೆ ಕೇಳಿಕೊಂಡೆ.

ಇದ್ದದ್ದು ಎರಡು ಮೈಕ್, ಪುಟ್ಟ ಇಂಟರ್‌ಫೇಸ್. ಗೋಡೆಗೆ ಹಾಸಿಗೆ ಒರಗಿಸಿ ಬಾರಿಸಿದೆ. ಕೇಳಿದರೆ ಸ್ನೇರ್ ಸದ್ದು ಪೇಲವ! ಒಂದು ಮೈಕ್ ಒಂದಡಿ ದೂರವಿದ್ದರೂ ಸದ್ದು ಸುಮಾರು 1 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತೆ. ಎರಡನ್ನೂ ಸೇರಿಸಿದಾಗ ಒಂದಷ್ಟು ಅಳಿಸಿಹೋಗುತ್ತೆ.

ಅಮ್ಮನ ಹೂ ಕಟ್ಟುವ ದಾರ ತಂದೆ. ಸ್ನೇರ್ ನಡುವಿನಿಂದ ಒಂದೇ ಅಳತೆಗೆ ಒಂದು ಮೈಕ್ ನೇರ ಮೇಲೆ, ಇನ್ನೊಂದು ಫ್ಲೋರ್ ಟಾಮ್ ಪಕ್ಕ. ಲೆಡ್ ಜೆಪ್ಲಿನ್‌ನ ಮೊದಲ ಆಲ್ಬಂ ರೆಕಾರ್ಡ್ ಮಾಡಿದ ಗ್ಲಿನ್ ಜಾನ್ಸ್ ಹೆಸರಲ್ಲೇ ಈ ಪದ್ಧತಿ ಇದೆ. ಈ ಸಲ ಸದ್ದು ಎದೆಗೇ ಬಂತು.

ಸೋಮವಾರ ಡ್ರಮ್ಸ್ ಹೋಯ್ತು. ರೆಕಾರ್ಡಿಂಗ್‌ನ ಅಮ್ಮ ತಮ್ಮ ಫೋನಿಗೂ ಹಾಕಿಸ್ಕೊಂಡಿದ್ದಾರೆ.