ಗಣಕಯಂತ್ರದ ಆಮೆಯೂ ಕಲಿಯುವ ಮಗುವೂ

ವಿದ್ಯಾದಾನವು ಶ್ರೇಷ್ಠದಾನವೆಂಬುದು ಹಿರಿಯರ ಮಾತು. ಮಠಗಳ ಆಶ್ರಯದಲ್ಲಿ ಈ ದಾನವು ಪ್ರಸಾದನಿಲಯ, ಪಾಠಶಾಲೆ, ಗ್ರಂಥಭಂಡಾರಗಳ ರೂಪದಲ್ಲಿ ನಡೆದುಬಂದಿದೆ. ಇಂದು ದಾನಿಗಳು ಶಾಲೆಗಳಿಗೆ ಗಣಕಯಂತ್ರಗಳನ್ನೂ ಕೊಡಮಾಡುತ್ತಿರುವುದು ಸಂತೋಷದ ಸಂಗತಿ. ಆದರೆ ಯಂತ್ರವು ಶಾಲೆಗೆ ಬಂದ ಮಾತ್ರಕ್ಕೆ ವಿದ್ಯೆಯು ಮಗುವಿಗೆ ಬಂದಂತಾಗುವುದೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಯನ್ನು ಮೊದಲಿಗೇ ಆಳವಾಗಿ ಚಿಂತಿಸಿದವರಲ್ಲಿ ಗಣಿತಜ್ಞ ಸೀಮರ್ ಪ್ಯಾಪರ್ಟ್ ಒಬ್ಬರು. ಅವರು 1958ರಿಂದ 1963ರವರೆಗೆ ಜಿನೀವಾದಲ್ಲಿ ಮನೋವಿಜ್ಞಾನಿ ಪಿಯಾಜೆಯವರೊಡನೆ ಕೆಲಸ ಮಾಡಿದರು. ಮಗುವಿನ ಮನಸ್ಸು ಇತರರು ತುಂಬಬೇಕಾದ ಬರಿದಾದ ಕೊಡವಲ್ಲ. ಅದು ಮುಟ್ಟಿ, ಮಾಡಿ, ಎಡವಿ, ತಿದ್ದಿಕೊಂಡು ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳುತ್ತದೆ ಎಂಬುದು ಪಿಯಾಜೆಯವರ ಸಿದ್ಧಾಂತದ ಸಾರ. ಈ ತತ್ತ್ವವನ್ನು ಆಧಾರವಾಗಿಟ್ಟುಕೊಂಡು ಪ್ಯಾಪರ್ಟ್, ವಾಲಿ ಫರ್ಜಿಗ್, ಸಿಂಥಿಯಾ ಸಾಲಮನ್ ಮೊದಲಾದವರು 1967ರಲ್ಲಿ ಅಮೆರಿಕದಲ್ಲಿ ಮಕ್ಕಳಿಗಾಗಿ 'ಲೋಗೋ' ಎಂಬ ಗಣಕಭಾಷೆಯನ್ನು ರೂಪಿಸಿದರು. ಕೆಲವು ವರ್ಷಗಳಲ್ಲಿ ಅದಕ್ಕೆ ಒಂದು 'ಆಮೆ' ಸೇರಿತು. ಅದು ಮೊದಲು ನೆಲದ ಮೇಲೆ ಚಲಿಸುವ ಯಂತ್ರವಾಗಿದ್ದು, ಅನಂತರ ಪರದೆಯ ಮೇಲಿನ ಚಿಹ್ನೆಯಾಯಿತು.

'ಐವತ್ತು ಹೆಜ್ಜೆ ಮುಂದೆ ನಡೆ, 90 ಅಂಶ ಬಲಕ್ಕೆ ತಿರುಗು' ಎಂದು ಮಗುವು ನಾಲ್ಕು ಬಾರಿ ಆಜ್ಞಾಪಿಸಿದರೆ ಆಮೆಯು ಚೌಕವನ್ನು ಬರೆಯುತ್ತದೆ. ಸಮಭುಜ ತ್ರಿಕೋನವನ್ನು ಬರೆಯಲು ಹೊರಟ ಮಗುವು, ಅದರ ಒಳಕೋನ 60 ಅಂಶವೆಂದು ಓದಿದ್ದರಿಂದ, 60 ಅಂಶ ತಿರುಗೆಂದೇ ಹೇಳುವುದು ಸಹಜ. ಆಗ ತ್ರಿಕೋನವು ಮುಚ್ಚಿಕೊಳ್ಳುವುದಿಲ್ಲ. ಅದೇ ಆಜ್ಞೆ ಮುಂದುವರಿದರೆ ಷಟ್ಕೋನವಾಗುತ್ತದೆ. ಮಗುವು ತಾನೇ ಎದ್ದು ನೆಲದ ಮೇಲೆ ಆಮೆಯಂತೆ ನಡೆದು ನೋಡಿದಾಗ, ತಿರುಗಬೇಕಾದುದು ಹೊರಕೋನವಾದ 120 ಅಂಶವೆಂಬುದು ಅದರ ದೇಹಕ್ಕೇ ತಿಳಿಯುತ್ತದೆ.

ಇಲ್ಲಿ ಮೂರು ಗುಣಗಳನ್ನು ಗಮನಿಸಬೇಕು. ಮಗುವಿಗೆ ಮೊದಲೇ ಗೊತ್ತಿರುವ ನಡಿಗೆಯಿಂದಲೇ ಪಾಠವು ಆರಂಭವಾಗುತ್ತದೆ. ತಪ್ಪು ಕಣ್ಣಿಗೆ ಕಾಣುತ್ತದೆ. ಅದಕ್ಕೆ ದಂಡನೆಯಿಲ್ಲ, ತಿದ್ದುವ ಅವಕಾಶವಿದೆ. ಪಕ್ಕದ ಸಹಪಾಠಿಯೂ ಉಪಾಧ್ಯಾಯರೂ ಆ ಚಿತ್ರವನ್ನು ನೋಡಿ ಸಂವಾದಕ್ಕೆ ತೊಡಗಬಹುದು. ಪ್ರಶ್ನೆಗೆ ಉತ್ತರ ಒತ್ತಿಸಿ ಸರಿ-ತಪ್ಪು ಎಂದಷ್ಟೇ ಹೇಳುವ ಯಂತ್ರದಲ್ಲಿ ಈ ಗುಣಗಳು ದೊರೆಯಲಾರವು.

ಆದರೂ ಉತ್ತಮ ಉಪಕರಣವೊಂದೇ ಸಾಲದೆಂಬುದಕ್ಕೆ ಪೆರು ದೇಶದ ನಿದರ್ಶನವಿದೆ. ಅಲ್ಲಿನ ಸರಕಾರವು 'ಮಗುವಿಗೊಂದು ಲ್ಯಾಪ್‌ಟಾಪ್' ಯೋಜನೆಯನ್ವಯ ಯಂತ್ರಗಳನ್ನು ಅಪಾರ ಸಂಖ್ಯೆಯಲ್ಲಿ ಹಂಚಿತು. ಆ ಯೋಜನೆಯ ಹಿಂದೆ ಪ್ಯಾಪರ್ಟರ ಚಿಂತನೆಯೂ ಇದ್ದಿತು. 319 ಗ್ರಾಮೀಣ ಶಾಲೆಗಳನ್ನು ಪರಿಶೀಲಿಸಿ 2012ರಲ್ಲಿ ಪ್ರಕಟವಾದ ವರದಿಯು, ಸುಮಾರು 15 ತಿಂಗಳ ಬಳಿಕವೂ ಗಣಿತ ಹಾಗೂ ಭಾಷೆಯ ಕಲಿಕೆಯಲ್ಲಿ ಹೆಚ್ಚಳ ಕಂಡುಬರಲಿಲ್ಲವೆಂದು ತಿಳಿಸಿತು. ಯಂತ್ರವು ಮಗುವಿನ ಕೈಸೇರಿದರೂ ತರಗತಿಯ ಪಾಠಕ್ರಮದೊಡನೆ ಅದು ಬೆರೆತಿರಲಿಲ್ಲ.

ಶರಣರ ಸಂವಾದವನ್ನೇ ಗ್ರಂಥರೂಪವಾಗಿಸಿದ ಶೂನ್ಯಸಂಪಾದನೆಯ ಪರಂಪರೆಯವರಿಗೆ ಇದರ ಮರ್ಮ ಅಪರಿಚಿತವಲ್ಲ. ಅರಿವು ಪ್ರಶ್ನೆಯಿಂದ, ಪ್ರತಿಪ್ರಶ್ನೆಯಿಂದ, ಸಹವಾಸದಿಂದ ಬೆಳೆಯತಕ್ಕದ್ದು. ಆದುದರಿಂದ ಶಾಲೆಗೆ ಗಣಕಯಂತ್ರವನ್ನು ಕೊಡುವವರೂ ಕೊಳ್ಳುವವರೂ ಎಷ್ಟು ಯಂತ್ರಗಳೆಂದು ಎಣಿಸುವ ಮುನ್ನ, ಅದರಿಂದ ಮಗುವು ಏನನ್ನು ಮಾಡುವುದು, ಯಾರೊಡನೆ ಮಾಡುವುದು, ತಪ್ಪಿದಾಗ ಅದಕ್ಕೆ ಏನು ಕಾಣುವುದು ಎಂದು ವಿಚಾರಿಸುವುದು ಯುಕ್ತ. ಯಂತ್ರಕ್ಕೆ ತೆಗೆದಿಡುವ ದ್ರವ್ಯದಲ್ಲಿ ಒಂದು ಪಾಲನ್ನು ಉಪಾಧ್ಯಾಯರ ತರಬೇತಿಗೂ ಮೀಸಲಿಟ್ಟರೆ, ಆ ದಾನವು ಕೊಠಡಿಯಲ್ಲಿ ಬೀಗ ಹಾಕಿಸಿಕೊಂಡು ಕೂಡದೆ ಮಗುವಿನ ಅರಿವನ್ನು ಸೇರುವುದು.