ಕಳಿಸಿ ಅಂದರೋ, ತಿಳಿಸ್ತೀನಿ ಅಂದರೋ? ಫೋನಿನ ಮಾತಿಗೆ ಸಾಕ್ಷಿ ಹುಡುಕಿ ಹೊರಟ ಕಥೆ

ಒಂದೇ ಒಂದು ಅಕ್ಷರದ ಜಗಳ ಇದು. ನಡೆದದ್ದು ನಮ್ಮ ನಿಜಲಿಂಗಪ್ಪ ಬಡಾವಣೆಯಲ್ಲಿ. ಒಂದು ಕಡೆ ಕಿರಾಣಿ ಅಂಗಡಿಯ ಮಾಲೀಕರು, ಇನ್ನೊಂದು ಕಡೆ ಹದಿನೆಂಟು ವರ್ಷದಿಂದ ಅದೇ ಅಂಗಡಿಯಲ್ಲಿ ಖಾತೆ ಇಟ್ಟಿರುವ ನಿವೃತ್ತ ಗುಮಾಸ್ತರು. ಇಬ್ಬರ ಹೆಸರೂ ಬೇಡ. ಇಬ್ಬರೂ ಮರ್ಯಾದಸ್ತರು, ಇಬ್ಬರೂ ಈ ಪತ್ರಿಕೆ ಓದುವವರು!

ಕಳೆದ ಶ್ರಾವಣದಲ್ಲಿ ಗುಮಾಸ್ತರ ಮಗನ ಮನೆಯ ಗೃಹಪ್ರವೇಶ. ಅಕ್ಕಿ, ತೊಗರಿಬೇಳೆ, ಬೆಲ್ಲ, ಎಣ್ಣೆ, ತೆಂಗಿನಕಾಯಿ ಎಂದು ಉದ್ದನೆಯ ಪಟ್ಟಿ ಅಂಗಡಿಗೆ ಬಂತು. ಲೆಕ್ಕ ಹಾಕಿದರೆ ರೂ. 48,600. ಸಂಜೆ ಗುಮಾಸ್ತರು ಬಸ್ಸಿನಿಂದ ಫೋನ್ ಮಾಡಿದರು. ಬಸ್ಸಿನ ಗದ್ದಲ, ಹಾರನ್ನು, ಕಂಡಕ್ಟರನ ಕೂಗು. ಅದರ ನಡುವೆ ಅಂಗಡಿಯವರ ಕಿವಿಗೆ ಬಿದ್ದದ್ದು ‘ನಾಳೆ ಕಳಿಸಿ’ ಎಂಬ ಮಾತು. ಬೆಳಗಾಗುವುದರೊಳಗೆ ಮೂಟೆ ಕಟ್ಟಿಸಿ, ಆಟೋ ಹತ್ತಿಸಿ ಕಳಿಸಿಯೂ ಬಿಟ್ಟರು.

ಆಟೋ ಹೋದಷ್ಟೇ ಬೇಗ ತಿರುಗಿ ಬಂತು! ‘ನಾನು ನಾಳೆ ತಿಳಿಸ್ತೀನಿ ಅಂದಿದ್ದೆ. ಬೀಗರು ಬೇರೆ ಕಡೆ ಅಡುಗೆಯವರಿಗೇ ಸಾಮಾನಿನ ಸಮೇತ ಒಪ್ಪಿಸಿದಾರೆ’ ಎಂದು ಗುಮಾಸ್ತರ ಉತ್ತರ. ಅಕ್ಕಿ, ಬೇಳೆ ಹೇಗೋ ಖರ್ಚಾದವು. ಬೆಲ್ಲಕ್ಕೆ ಇರುವೆ ಮುತ್ತಿತು. ಕಾಯಿ ಒಣಗಿತು. ನಷ್ಟ ಅಂಗಡಿಯವರದು. ಖಾತೆ ಪುಸ್ತಕದಲ್ಲಿ ಗುಮಾಸ್ತರ ಹೆಸರಿನ ಹಾಳೆಗೆ ಅಡ್ಡಗೆರೆ ಬಿತ್ತು. ದಾರಿಯಲ್ಲಿ ಎದುರಾದರೆ ಒಬ್ಬರು ಮುಖ ಆ ಕಡೆ, ಇನ್ನೊಬ್ಬರು ಈ ಕಡೆ.

‘ದುಡ್ಡು ಹೋದ್ರೆ ಹೋಯ್ತು ಬಿಡ್ರಿ. ಆ ಮನುಷ್ಯ ನನ್ನ ಸುಳ್ಳುಗಾರ ಅಂದ್ರಲ್ಲ, ಅದು ನುಂಗಕ್ಕಾಗ್ತಿಲ್ಲ. ನೀವು ಪೇಪರಿನವರು ಊರೆಲ್ಲ ಸುತ್ತೋರು. ಫೋನಲ್ಲಿ ಆಡಿದ್ ಮಾತು ರೆಕಾರ್ಡ್ ಆಗೋ ಆ್ಯಪ್ ಒಂದು ಹುಡುಕಿ ಕೊಡ್ರಿ’ ಎಂದು ಅಂಗಡಿಯವರು ಈ ವರದಿಗಾರನ ಕೈ ಹಿಡಿದರು. ಇಷ್ಟೇ ತಾನೇ ಎಂದು ಹೊರಟೆ. ಇಷ್ಟೇ ಆಗಿರಲಿಲ್ಲ!

ಅರ್ಧ ಜಗಳ ಮಾತ್ರ ರೆಕಾರ್ಡು

ಅಂಗಡಿಯವರ ಅಕ್ಕನ ಮಗ ಕಾಲೇಜು ಹುಡುಗ. ‘ಮಾವ, ಕೊಡು ಇಲ್ಲಿ’ ಎಂದು ಫೋನ್ ಕಸಿದುಕೊಂಡು ಪ್ಲೇ ಸ್ಟೋರಿನಿಂದ ಒಂದು ಆ್ಯಪ್ ಇಳಿಸಿದ. ಹತ್ತು ಜಾಹೀರಾತು ದಾಟಿದ ಮೇಲೆ ಅದು ತೆರೆಯಿತು. ಪರೀಕ್ಷೆಗೆಂದು ನಾನೇ ಎದುರು ರಸ್ತೆಯಿಂದ ಫೋನ್ ಮಾಡಿದೆ. ಆಮೇಲೆ ಹಾಕಿ ಕೇಳಿದರೆ ಸಾಹುಕಾರರ ‘ಹಲೋ, ಹೇಳ್ರಿ, ಹೂಂ, ಆಯ್ತ್ರಿ’ ಮಾತ್ರ ಗಂಟೆ ಬಾರಿಸಿದ ಹಾಗೆ ಕೇಳುತ್ತದೆ. ನನ್ನ ದನಿಯ ಜಾಗದಲ್ಲಿ ಬರೀ ಮೌನ. ಅರ್ಧ ಜಗಳ ರೆಕಾರ್ಡ್ ಆದರೆ ಯಾವ ಪಂಚಾಯಿತಿಗೆ ಉಪಯೋಗ?

ಎರಡನೆಯ ಆ್ಯಪ್ ಕೂಡ ಹಾಗೇ. ಮೂರನೆಯದು ರೆಕಾರ್ಡ್ ಮಾಡುವ ಮೊದಲು ಸಂದೇಶ ಓದಲು ಅನುಮತಿ ಕೊಡು, ಫೋಟೋ ತೋರಿಸು, ಎಲ್ಲಿದ್ದೀಯ ಹೇಳು ಎಂದು ಕೇಳಿತು. ಮನೆ ಬಾಡಿಗೆಗೆ ಬಂದವನು ತಿಜೋರಿಯ ಕೀಲಿ ಕೇಳಿದ ಹಾಗೆ!

ಹಳೇ ಎಸ್‌ಟಿಡಿ ಬೂತಿನವರ ವಿವರಣೆ

ಕೊನೆಗೆ ಫೋನ್ ರಿಪೇರಿ ಮಾಡುವ ಪರಿಚಯದವರೊಬ್ಬರ ಬಳಿ ಹೋದೆವು. ಹಿಂದೆ ಇವರದು ಎಸ್‌ಟಿಡಿ ಬೂತು. ಹಳದಿ ಬೋರ್ಡು ಇಳಿಸಿದ ಜಾಗದಲ್ಲೇ ಈಗ ರಿಪೇರಿ ಮೇಜು. ಅವರು ಕಣ್ಣಿಗೆ ಹಾಕಿದ್ದ ಭೂತಗನ್ನಡಿ ತೆಗೆದು ಬಿಡಿಸಿ ಹೇಳಿದರು. ಸಾರಾಂಶ ಇಷ್ಟು:

ಮೊದಲು ಎಲ್ಲ ಆ್ಯಪೂ ಕೆಲಸ ಮಾಡುತ್ತಿದ್ದವು. ಆಂಡ್ರಾಯ್ಡ್ ಫೋನಿನ ತಂತ್ರಾಂಶ ಗೂಗಲ್ ಕಂಪನಿಯದು. 2018ರಲ್ಲಿ ಬಂದ ಆಂಡ್ರಾಯ್ಡ್ 9 ಮತ್ತು 2019ರ ಆಂಡ್ರಾಯ್ಡ್ 10ರಲ್ಲಿ ಜನರ ಖಾಸಗಿತನದ ಕಾರಣಕ್ಕೆ ಕರೆಯ ದನಿಯನ್ನು ಹೊರಗಿನ ಆ್ಯಪ್‌ಗಳು ಮುಟ್ಟದಂತೆ ಬಾಗಿಲು ಹಾಕಿದರು. ಆ್ಯಪ್ ಮಾಡುವವರು ಬಿಡುತ್ತಾರೆಯೇ? ಅಂಗವಿಕಲರ ಅನುಕೂಲಕ್ಕೆಂದು ಫೋನಿನಲ್ಲಿ ಇಟ್ಟಿರುವ ಆಕ್ಸೆಸಿಬಿಲಿಟಿ ಎಂಬ ಸೌಲಭ್ಯದ ಹಿಂಬಾಗಿಲಿನಿಂದ ನುಗ್ಗಿದರು. 2022ರ ಮೇ 11ರಿಂದ ಗೂಗಲ್ ಆ ದಾರಿಗೂ ಬೀಗ ಜಡಿಯಿತು. ಪ್ಲೇ ಸ್ಟೋರಿನ ಆ್ಯಪ್‌ಗಳು ಕರೆ ರೆಕಾರ್ಡಿಗಾಗಿ ಆ ಸೌಲಭ್ಯ ಬಳಸಕೂಡದು ಎಂದು ಕಟ್ಟಪ್ಪಣೆ. ಟ್ರೂಕಾಲರ್‌ನಂಥ ದೊಡ್ಡವರೇ ಆಗ ರೆಕಾರ್ಡಿಂಗ್ ನಿಲ್ಲಿಸಿದರು. 2024ರಲ್ಲಿ ಭಾರತದಲ್ಲಿ ಮತ್ತೆ ಕೊಟ್ಟದ್ದು ದುಡ್ಡು ಕಟ್ಟಿದ ಚಂದಾದಾರರಿಗೆ.

‘ಹಂಗಾದ್ರೆ ದಾರೀನೇ ಇಲ್ವಾ?’ ಎಂದರು ಸಾಹುಕಾರರು.

‘ದಾರಿ ನಿಮ್ ಜೇಬಲ್ಲೇ ಐತಲ್ರಿ! ಬೀಗ ಹಾಕಿರೋದು ಹೊರಗಿನೋರಿಗೆ. ಫೋನ್ ಮಾಡಿದ ಕಂಪನಿಯೇ ಒಳಗೆ ಇಟ್ಟಿದ್ರೆ ಅದು ನಡೀತೈತೆ. ಇಲ್ಲದ್ದನ್ನ ಹುಡುಕಾಕ್ ಮುಂಚೆ ಇದ್ದದ್ದನ್ನ ನೋಡ್ಬೇಕು’ ಎಂದರು ಬೂತಿನ ಅಣ್ಣಾವ್ರು.

ನಿಮ್ಮ ಫೋನಿನಲ್ಲಿ ನೀವೇ ನೋಡಿ

ಓದುಗರು ಬಸ್ಸಿನಲ್ಲಿ ಕುಳಿತೇ ಪರೀಕ್ಷೆ ಮಾಡಬಹುದು. ನಂಬರ್ ಒತ್ತುವ ಪರದೆಯ ಮೇಲಿನ ಮೂರು ಚುಕ್ಕಿ ಒತ್ತಿ, ಸೆಟ್ಟಿಂಗ್ಸ್ ಒಳಗೆ ಹೋಗಿ. ಸ್ಯಾಮ್‌ಸಂಗ್ ಆದರೆ ರೆಕಾರ್ಡ್ ಕಾಲ್ಸ್ ಎಂಬ ಸಾಲು ಕಾಣುತ್ತದೆ. ಎಲ್ಲ ಕರೆಯೂ ರೆಕಾರ್ಡ್ ಆಗಬೇಕೋ, ಹೆಸರಿಲ್ಲದ ನಂಬರು ಮಾತ್ರವೋ, ಆರಿಸಿದ ಕೆಲವರದು ಮಾತ್ರವೋ ಎಂದು ಅದೇ ಕೇಳುತ್ತದೆ. ಬೇರೆ ಅನೇಕ ಕಂಪನಿಯ ಫೋನಿನಲ್ಲಿ ಗೂಗಲ್ಲಿನದೇ ಫೋನ್ ಆ್ಯಪ್ ಇರುತ್ತದೆ. ಮಾತಾಡುವಾಗ ಪರದೆಯ ಮೇಲೆ ರೆಕಾರ್ಡ್ ಎಂಬ ಗುಂಡಿ ಕಂಡರೆ ನಿಮ್ಮ ಅದೃಷ್ಟ. ಆದರೆ ಒತ್ತಿದ ತಕ್ಷಣ ‘ಈ ಕರೆ ರೆಕಾರ್ಡ್ ಆಗುತ್ತಿದೆ’ ಎಂಬ ಅರ್ಥದ ದನಿ ಇಬ್ಬರಿಗೂ ಕೇಳುತ್ತದೆ. ಕದ್ದು ಮಾಡುವ ಮಾತಿಲ್ಲ. ಆಪಲ್ ಫೋನಿಗೂ 2024ರ ಅಕ್ಟೋಬರಿನಲ್ಲಿ ಬಂದ ಐಓಎಸ್ 18.1ರಿಂದ ಈ ಸೌಲಭ್ಯ ಬಂದಿದೆ. ಅಲ್ಲೂ ಹಾಗೇ ಡಂಗುರ ಸಾರಿಯೇ ರೆಕಾರ್ಡು.

ಯಾವುದೂ ಇಲ್ಲವೇ? ಹಳೇ ಉಪಾಯ ಇದ್ದೇ ಇದೆ. ಫೋನನ್ನು ಸ್ಪೀಕರಿಗೆ ಹಾಕಿ, ಪಕ್ಕದಲ್ಲಿ ಇನ್ನೊಂದು ಫೋನಿನ ವಾಯ್ಸ್ ರೆಕಾರ್ಡರ್ ಚಾಲೂ ಮಾಡಿ. ಎರಡೂ ದನಿ ಸ್ಪಷ್ಟ. ವಾಟ್ಸಾಪ್ ಕರೆಗೆ ಫೋನಿನ ರೆಕಾರ್ಡ್ ಗುಂಡಿ ಕೆಲಸ ಮಾಡುವುದಿಲ್ಲ, ಅದಕ್ಕೂ ಇದೇ ಉಪಾಯ.

ಒಂದು ಎಚ್ಚರಿಕೆ. ರೆಕಾರ್ಡ್ ಆ್ಯಪ್ ಇದೆ ಎಂದು ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಎಪಿಕೆ ಫೈಲನ್ನು ಮಾತ್ರ ಒತ್ತಬೇಡಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡದ ಚೀಟಿ ಎಂದು ನಂಬಿಸಿ ಇಂಥ ಫೈಲುಗಳಿಂದಲೇ ಒಟಿಪಿ ಕದ್ದು ಬ್ಯಾಂಕ್ ಖಾತೆ ಬರಿದು ಮಾಡುತ್ತಿದ್ದಾರೆ. ಹಾಗೇನಾದರೂ ಆದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಹರಿಹರದ ಬಸ್ಸಿನ ಅಕ್ಕ

ಈ ಹುಡುಕಾಟದ ವಿಷಯ ಹರಿಹರದ ಬಸ್ಸಿನಲ್ಲಿ ಪಕ್ಕದವರಿಗೆ ಹೇಳುತ್ತಿದ್ದೆ. ಮುಂದಿನ ಸೀಟಿನ ಹೆಣ್ಣುಮಗಳು ತಿರುಗಿ ನೋಡಿದರು. ದಾವಣಗೆರೆಯ ಬಟ್ಟೆ ಅಂಗಡಿಯಲ್ಲಿ ಕೆಲಸ, ದಿನಾ ಇದೇ ಬಸ್ಸು. ಸಾಲದ ಎರಡು ಕಂತು ಹಿಂದೆ ಬಿದ್ದಿದೆ. ವಸೂಲಿಯವನು ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈಯುತ್ತಾನೆ. ‘ಹಗಲೊತ್ತು ಅದೇ ಮನುಷ್ಯ ಅಕ್ಕಾರೆ ಅಕ್ಕಾರೆ ಅಂತಾನೆ ಅಣ್ಣಾ. ರಾತ್ರಿ ಆಡಿದ್ದು ಹೇಳಿದ್ರೆ ಯಾರು ನಂಬ್ತಾರೆ?’ ಎಂದರು.

ನೋಡಿ, ಅಂಗಡಿಯವರಿಗೆ ರೆಕಾರ್ಡು ಮರ್ಯಾದೆಯ ಪ್ರಶ್ನೆ. ಈ ತಾಯಿಗೆ ಬದುಕಿನ ಪ್ರಶ್ನೆ. ಬಾಕಿ ಸಾಲದ ವಸೂಲಿಗೆ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಏಜೆಂಟರು ಫೋನ್ ಮಾಡಕೂಡದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲೇ ತನ್ನ ಹತೋಟಿಯ ಸಂಸ್ಥೆಗಳಿಗೆ ಹೇಳಿದೆ. ಕಿರು ಸಾಲದ ಕಿರುಕುಳ ತಡೆಯಲು ನಮ್ಮ ರಾಜ್ಯ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತಂದಿತು. ಅದರಲ್ಲಿ 10 ವರ್ಷದವರೆಗೆ ಜೈಲು. ಕಾನೂನು ಇದೆ, ಸಾಕ್ಷಿ ಬೇಕು.

ಆಕೆಯ ಫೋನ್ ಯಾವುದು ಎಂದು ಕೇಳಿದೆ. ನಾಚುತ್ತಾ ಬ್ಯಾಗಿನಿಂದ ತೆಗೆದದ್ದು ಗುಂಡಿ ಒತ್ತುವ ಸಣ್ಣ ಫೋನು. ಮೆನು ನೋಡಿದರೆ, ಆಟೋ ಕಾಲ್ ರೆಕಾರ್ಡಿಂಗ್ ಅದರಲ್ಲೇ ಇದೆ! ಹದಿನೈದು ಸಾವಿರದ ಫೋನಿಗೆ ನಾವು ನಾಲ್ಕು ದಿನ ಅಲೆದೆವು. ಸಣ್ಣ ಫೋನು ಕೇಳದೆಯೇ ಕೊಟ್ಟಿತ್ತು. ಬಸ್ಸು ದಾವಣಗೆರೆ ಮುಟ್ಟುವುದರೊಳಗೆ ಚಾಲೂ ಮಾಡಿ ಕೊಟ್ಟೆ.

ಕೋರ್ಟು ಒಪ್ಪುತ್ತದೆಯೇ?

ಒಪ್ಪುತ್ತದೆ. ಇದು ನಿನ್ನೆ ಮೊನ್ನೆಯ ಮಾತಲ್ಲ. 1964ರಲ್ಲಿ ಮುಂಬಯಿಯ ಕರೋನರ್ ಆರ್.ಎಂ. ಮಲ್ಕಾನಿ ಎಂಬುವರು ವೈದ್ಯರಿಂದ ಲಂಚ ಕೇಳಿದ ಪ್ರಕರಣ. ವೈದ್ಯರ ಒಪ್ಪಿಗೆ ಪಡೆದು ಪೊಲೀಸರು ಫೋನಿಗೆ ಟೇಪ್ ರೆಕಾರ್ಡರ್ ಜೋಡಿಸಿದರು. ಆ ಟೇಪು ಸಾಕ್ಷಿಯಾಗುತ್ತದೆ ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ತೀರ್ಪು ಕೊಟ್ಟಿತು. ಗಂಡ ಹೆಂಡಿರ ವ್ಯಾಜ್ಯದಲ್ಲಿ ಕೂಡ ಗುಟ್ಟಾಗಿ ಮಾಡಿದ ರೆಕಾರ್ಡನ್ನು ಸಾಕ್ಷಿಯಾಗಿ ನೋಡಬಹುದು ಎಂದು 2025ರ ಜುಲೈ 14ರಂದು ಅದೇ ಕೋರ್ಟ್ ಹೇಳಿದೆ.

ಆದರೆ ಷರತ್ತುಗಳುಂಟು. ದನಿ ಯಾರದೆಂದು ಗುರುತಾಗಬೇಕು, ಕತ್ತರಿಸಿ ಅಂಟಿಸಿದ್ದಾಗಿರಬಾರದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರತಿಯ ಜೊತೆಗೆ ಪ್ರಮಾಣಪತ್ರವೂ ಬೇಕು. ಆದ್ದರಿಂದ ಮೂಲ ಫೈಲ್ ಅಳಿಸಬೇಡಿ, ರೆಕಾರ್ಡ್ ಆದ ಫೋನನ್ನು ಮಾರಬೇಡಿ. ಲಂಚದ ಮಾತಾದರೆ ದುಡ್ಡು ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರಿಗೆ ತಿಳಿಸಿ. 2018ರ ತಿದ್ದುಪಡಿಯ ನಂತರ ಕೊಟ್ಟವನೂ ಅಪರಾಧಿ. ಬಲವಂತಕ್ಕೆ ಕೊಟ್ಟಿದ್ದರೆ 7 ದಿನದೊಳಗೆ ದೂರು ಕೊಡಬೇಕು.

ತಾನು ಆಡಿದ ಕರೆಯನ್ನು ತಾನು ಹಿಡಿದಿಡುವುದು ಬೇರೆ, ಇಬ್ಬರ ಮಾತಿಗೆ ಮೂರನೆಯವನು ಕಿವಿ ಇಡುವುದು ಬೇರೆ. ಎರಡನೆಯದರ ಆರೋಪಕ್ಕೆ 1988ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರೇ ಕುರ್ಚಿ ಬಿಟ್ಟಿಳಿದದ್ದು ಹಿರಿಯ ಓದುಗರಿಗೆ ನೆನಪಿರಬಹುದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ. ರೆಕಾರ್ಡ್ ಇದೆಯೆಂದು ಓಣಿಯ ಗ್ರೂಪಿಗೆಲ್ಲ ಹಂಚಿದರೆ ಸಾಕ್ಷಿ ಇಟ್ಟುಕೊಂಡವನೇ ಕಟಕಟೆ ಹತ್ತಬೇಕಾದೀತು.

ಆಮೇಲೆ ಏನಾಯಿತು?

ಸಾಹುಕಾರರ ಫೋನಿನಲ್ಲಿ ಗೂಗಲ್ ಗುಂಡಿ ಸಿಕ್ಕಿತು. ಹಿಗ್ಗಿ ಹೀರೇಕಾಯಾದರು. ಮೊದಲ ಕರೆ ಮಂಡಿಪೇಟೆಯ ಸಗಟು ವ್ಯಾಪಾರಿಗೆ. ಗುಂಡಿ ಒತ್ತಿದರು, ಇಂಗ್ಲಿಷಿನಲ್ಲಿ ಹೆಣ್ಣುದನಿ ಉಲಿಯಿತು. ಆ ಕಡೆಯಿಂದ ಬಂದ ಮಾತು: ‘ಏನ್ ಸಾವ್ಕಾರ್ರೆ, ಮೂವತ್ತು ವರ್ಷದ ವ್ಯವಹಾರಕ್ಕೆ ಈಗ ಮಿಷನ್ನು ಕಾವಲಾ?’ ಪಾಪ, ಸಾಹುಕಾರರ ಮುಖ ನೋಡಬೇಕಿತ್ತು.

ಅಂದಿನಿಂದ ಅವರು ಬೇರೆ ಪದ್ಧತಿ ಹಿಡಿದಿದ್ದಾರೆ. ಪರಿಚಯದವರ ಕರೆಗೆ ರೆಕಾರ್ಡಿಲ್ಲ. ಮಾತು ಮುಗಿಯುವ ಮೊದಲು ಪಟ್ಟಿಯನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ. ಫೋನ್ ಇಟ್ಟ ಮೇಲೆ ‘ನಾಳೆ ಬೆಳಿಗ್ಗೆ ಕಳಿಸುತ್ತೇನೆ, ಒಟ್ಟು ಇಷ್ಟು’ ಎಂದು ವಾಟ್ಸಾಪಿನಲ್ಲಿ ಎರಡು ಸಾಲು ಹಾಕುತ್ತಾರೆ. ಆ ಕಡೆಯಿಂದ ‘ಸರಿ’ ಬಂದರೆ ಮಾತ್ರ ಮೂಟೆ ಕಟ್ಟುವುದು. ಗುಂಡಿ ಒತ್ತುವುದು ಗುರುತಿಲ್ಲದ ನಂಬರಿಗೆ ಮಾತ್ರ.

ದೀಪಾವಳಿಗೆ ನಾಲ್ಕು ದಿನ ಇರುವಾಗ ಗುರುತಿಲ್ಲದ ನಂಬರೊಂದು ಬಂತು. ಗುಂಡಿ ಒತ್ತಿದರು. ಹೆಣ್ಣುದನಿ ಉಲಿದ ಮೇಲೆ ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಗುಮಾಸ್ತರ ದನಿ, ಮಗನ ಫೋನಿನಿಂದ: ‘ರೆಕಾರ್ಡ್ ಆಗ್ಲಿ ಬಿಡ್ರಿ. ಹಬ್ಬದ ಸಾಮಾನು ಕಳಿಸ್ರಿ. ಕ, ಕಮಲದ ಕ. ಆವತ್ತಿನ ಬೆಲ್ಲದ್ದೂ ಕಾಯಿದೂ ಅರ್ಧ ದುಡ್ಡು ನಂದು.’

ಖಾತೆ ಪುಸ್ತಕದಲ್ಲಿ ಹೊಸ ಹಾಳೆ ತೆರೆದಿದೆ. ಆವತ್ತು ‘ಕಳಿಸಿ’ ಅಂದರೋ ‘ತಿಳಿಸ್ತೀನಿ’ ಅಂದರೋ, ಅದು ಇವತ್ತಿಗೂ ಇತ್ಯರ್ಥವಾಗಿಲ್ಲ. ಇಬ್ಬರೂ ಕೇಳುವುದನ್ನೂ ಬಿಟ್ಟಿದ್ದಾರೆ.

ಕೊನೆಗೊಂದು ಬೇಡಿಕೆ. ಫೋನ್ ಮಾರುವ ಅಂಗಡಿಗಳವರೇ, ಕ್ಯಾಮೆರಾ ಎಷ್ಟು ಪಿಕ್ಸೆಲ್ಲು ಎಂದು ಹೇಳುವಾಗ ಕರೆ ರೆಕಾರ್ಡ್ ಆಗುತ್ತದೋ ಇಲ್ಲವೋ ಎಂಬುದನ್ನೂ ಗಿರಾಕಿಗೆ ಕನ್ನಡದಲ್ಲಿ ಒಂದು ಮಾತು ಹೇಳಿ. ಹರಿಹರದ ಬಸ್ಸಿನ ಅಕ್ಕನಂಥವರಿಗೆ ಕ್ಯಾಮೆರಾಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.