ಕೆರೆಬೇಟೆಯ ಮಾರನೇ ದಿನ

ಶಿಕಾರಿಪುರ, ಸೊರಬದ ಕಡೆ ಊರಿಗೊಂದು ಕೆರೆ ಇದ್ದೇ ಇರುತ್ತದೆ. ಐದನೇ ಶತಮಾನದಲ್ಲಿ ಕದಂಬರ ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿ ತಾಳಗುಂದದ ಕಂಬಶಾಸನದಲ್ಲಿದೆ. ಕೆರೆನೀರಿಗಾಗಿ ನಾವು ಜಗಳ ಆಡುತ್ತೇವೆ, ಮೀನಿನ ಬಗ್ಗೆ ಯೋಚಿಸುವುದು ಕಮ್ಮಿ.

ನಾನು ಗಾಳದವ. ಬಿದಿರಿನ ಕೋಲು, ನೈಲಾನ್ ದಾರ, ಜೋಳದ ದಂಟಿನ ಬೆಂಡು, ಎರೆಹುಳ, ಇಷ್ಟೇ ಬಂಡವಾಳ. ಸಾಮಾನ್ಯ ಗೆಂಡೆ ಕೆಸರು ಕೆದಕಿ ತಿನ್ನುವಂಥದ್ದು, ಗಾಳ ತಳಕ್ಕೆ ಮುಟ್ಟಬೇಕು. ಕಾಟ್ಲಾ ಮೇಲ್ನೀರಿನದು, ಹುಳಕ್ಕೆ ಬರುವುದು ಅಪರೂಪ. ಫ್ರಾನ್ಸಿನ ಹಳ್ಳಿಕೆರೆಗಳಲ್ಲಿ ಇದೇ ಗೆಂಡೆಯನ್ನು ದುಡ್ಡು ಕೊಟ್ಟು ಹಿಡಿದು, ಮತ್ತೆ ನೀರಿಗೇ ಬಿಡುವವರಿದ್ದಾರಂತೆ. ನಮ್ಮ ಮನೆಯಲ್ಲಿ ಹಾಗೆ ಮಾಡಿದರೆ ಊಟ ಸಿಗಲಿಕ್ಕಿಲ್ಲ!

ಬೇಸಿಗೆಯಲ್ಲಿ ನೀರಿಳಿದಾಗ ಕೆರೆಬೇಟೆ. ಕೂಣಿ ಹಿಡಿದ ನೂರಾರು ಜನ ಒಟ್ಟಿಗೆ ಇಳಿಯುತ್ತಾರೆ. ಕೂಣಿಗಿಷ್ಟು ಅಂತ ವಸೂಲಾದ ಹಣ ಊರಿನ ಕೆಲಸಕ್ಕೆ. ಆ ಗದ್ದಲ ನನಗೂ ಇಷ್ಟವೇ. ಚಿಂತೆ ಮಾರನೇ ದಿನದ್ದು. ಕಾಟ್ಲಾ, ರೋಹು ನಿಂತ ನೀರಲ್ಲಿ ಮರಿ ಮಾಡುವುದಿಲ್ಲ, ಹೇಗೂ ಪ್ರತಿವರ್ಷ ಮರಿ ತಂದು ಬಿಡಬೇಕು. ನಾಟಿ ಮೀನು ಹಾಗಲ್ಲ, ಉಳಿದ ನಾಲ್ಕಾರು ಜೋಡಿಯಿಂದಲೇ ಮುಂದಿನ ಸಂತಾನ.

ಕೊರವನನ್ನೇ ನೋಡಿ. ಮೇಲೆ ಬಂದು ಗಾಳಿ ಕುಡಿಯುತ್ತದೆ, ಕೆಸರಲ್ಲೂ ಜೀವ ಹಿಡಿದಿರುತ್ತದೆ. ಆದರೆ ಕೆಸರನ್ನೇ ತುಳಿದು ಕೂಣಿ ಊರಿದರೆ ಎಲ್ಲಿ ಉಳಿದೀತು? ಮಳೆ ಬಿದ್ದ ಮೇಲೆ ಇನ್ನೊಂದು ಗಂಡಾಂತರ. ಕೊರವನ ಮರಿಗಳು ಕೆಂಪಗೆ, ಗುಂಪಾಗಿ ಆಡುತ್ತವೆ, ಕೆಳಗೆ ತಾಯಿತಂದೆ ಕಾವಲು. ಅಲ್ಲಿಗೆ ಕಪ್ಪೆ ಕಟ್ಟಿ ಗಾಳ ಬಿಟ್ಟರೆ ಕೋಪಕ್ಕೇ ಕಚ್ಚುತ್ತದೆ. ಸುಲಭದ ಶಿಕಾರಿ. ಕಾವಲು ತಪ್ಪಿದ ಮರಿಗಳು ಬೇರೆ ಮೀನಿನ ಬಾಯಿಗೆ. ಕೆಂಪು ಗುಂಪು ಕಂಡಲ್ಲಿ ನಾನು ಕೋಲು ಎತ್ತಿಕೊಂಡು ಮುಂದೆ ಹೋಗುತ್ತೇನೆ. ಮೊದಲ ಮಳೆಗೆ ಗದ್ದೆಗೆ ಏರುವ ಹತ್ತುಮೀನಿನದೂ ಇದೇ ಕತೆ, ಅದರ ಹೊಟ್ಟೆ ತುಂಬ ಮೊಟ್ಟೆ.

ತೂಬಿನ ಹತ್ತಿರದ ಆಳದ ಗುಂಡಿಗೆ ಮಾತ್ರ ಕೂಣಿ ಇಳಿಸಬಾರದು, ಇದು ನನ್ನ ವಾದ. ಊರ ಸಭೆಯಲ್ಲಿ ಹೇಳಿದಾಗ ಹಿರಿಯರೊಬ್ಬರು, “ದೊಡ್ಡ ಮೀನೆಲ್ಲ ಅಲ್ಲೇ ಇರೋದು ಮಾರಾಯ, ಅಲ್ಲಿ ಬ್ಯಾಡ ಅಂದ್ರೆ ಕೂಣಿಗೆ ದುಡ್ಡು ಯಾರು ಕೊಡ್ತಾರೆ?” ಅಂದರು. ಮಾತು ನಿಜವೇ. ಒಂದು ವರ್ಷದ ಮಟ್ಟಿಗೆ ಗುಂಡಿ ಸುತ್ತ ಬಿದಿರುಗೂಟ ನೆಡಲು ಒಪ್ಪಿದ್ದಾರೆ. ಯಾರಾದರೂ ಕದ್ದು ಆಫ್ರಿಕನ್ ಕ್ಯಾಟ್‌ಫಿಶ್ ತಂದು ಬಿಟ್ಟರೆ ಮಾತ್ರ ಗೂಟ ನೆಟ್ಟೂ ದಂಡ. ಸರ್ಕಾರ 2000ದಲ್ಲೇ ಅದರ ಸಾಕಣೆ ನಿಷೇಧಿಸಿದೆ. ಗೂಟಕ್ಕೆ ಬಿದಿರು ನಮ್ಮ ಹಿತ್ತಲಿನದೇ, ಶಿವರಾತ್ರಿ ಕಳೆದ ಮೇಲೆ ನೆಡುವುದು.